ಕುಸುಬೆ ಹೊಲದಲ್ಲಿ ಶಿಷ್ಯವೃತ್ತಿ



ನಿವೃತ್ತಿಯ ನಂತರ ಹೇಗೆ ಹೊತ್ತು ಕಳೆಯುತ್ತೀರಿ ಎಂದು ನಿಮ್ಮಲ್ಲಿ ಅನೇಕರು ಕೇಳುತ್ತಿರುತ್ತೀರಿ. ಕಳೆದ ಚಳಿಗಾಲದ ಮಟ್ಟಿಗೆ ನನ್ನ ಉತ್ತರ ಇದು: ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಗೆ ಸಮೀಪದ ಒಂದು ಸಣ್ಣ ಹೊಲದಲ್ಲಿ ಹೂವು ಬಿಡಿಸುವುದನ್ನು ಕಲಿತೆ. ಹೊಲ ನನ್ನ ಹಳೆಯ ವಿದ್ಯಾರ್ಥಿಯದು. ಮೂರು ಎಕರೆ ಎರೆಭೂಮಿ. ಸರಕಾರಿ ಗೊಬ್ಬರ, ಔಷಧಗಳನ್ನು ಅವನು ಬಿಟ್ಟು ಬಹಳ ವರ್ಷಗಳಾದುವು. ಜೋಳ, ತೊಗರಿಯ ಜೊತೆಗೆ ಕುಸುಬೆ, ಕೆಂಪು ಪುಂಡಿ, ತುಳಸಿ, ಮಜ್ಜಿಗೆಹುಲ್ಲು, ದಾಸವಾಳಗಳನ್ನು ಬೆಳೆಯುತ್ತಾನೆ. ಬದುವಿನ ಮೇಲೆ ತಾನಾಗಿಯೇ ಬೆಳೆದ ತಂಗಡಿ ಇದೆ. ಇವುಗಳ ಹೂವು, ಎಲೆಗಳನ್ನು ಒಣಗಿಸಿ, ಪೊಟ್ಟಣ ಕಟ್ಟಿ, ಕುದಿಸಿ ಕುಡಿಯಲು ಮಾರುತ್ತಾನೆ. ಪೇಟೆಯವರು ಅದನ್ನು 'ಹೂವಿನ ಚಹಾ' ಎನ್ನುತ್ತಾರೆ. ಅವನ ತಾಯಿ ಮಾತ್ರ ಇಂದಿಗೂ 'ಕಷಾಯ' ಎಂದೇ ಕರೆಯುತ್ತಾರೆ. ಎಂಬತ್ತು ದಾಟಿದ ಆ ತಾಯಿಯೇ ಅಲ್ಲಿ ನನ್ನ ಗುರುಗಳು.

ಮೊದಲ ದಿನವೇ ನನ್ನ ತಪ್ಪು ಹಿಡಿದರು. "ಮಾಸ್ತರ, ಹೂ ಕೀಳಬ್ಯಾಡ್ರಿ, ಬಿಡಸ್ರಿ" ಎಂದರು. ಕೀಳುವುದಕ್ಕೂ ಬಿಡಿಸುವುದಕ್ಕೂ ಇರುವ ಅಂತರವನ್ನು ವ್ಯಾಕರಣದ ತರಗತಿಯಲ್ಲಿ ನಾನೇ ಎಷ್ಟೋ ಸಲ ವಿವರಿಸಿರಬಹುದು. ನನ್ನ ಬೆರಳುಗಳಿಗೆ ಅದು ತಿಳಿದಿರಲಿಲ್ಲ.

ಈ ಹೊಲದಿಂದ ಮಳಖೇಡ ದೂರವಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ ಎಂದು ನಿಮಗೆ ಪ್ರತಿವರ್ಷ ಪಾಠ ಮಾಡಿದವನು ನಾನು. 9ನೆಯ ಶತಮಾನದ ಅಮೋಘವರ್ಷ ನೃಪತುಂಗ, ಅವನ ಆಸ್ಥಾನದ ಕವಿರಾಜಮಾರ್ಗ, 972ರಲ್ಲಿ ಪರಮಾರರ ಸೀಯಕನು ಈ ನಗರವನ್ನು ಕೊಳ್ಳೆ ಹೊಡೆದದ್ದು, ಇವೆಲ್ಲವನ್ನೂ ನೀವು ಕಂಠಪಾಠ ಮಾಡಿ ಒಪ್ಪಿಸಿದ್ದೀರಿ. ಆದರೆ ಒಂದು ಸಂಗತಿಯನ್ನು ನಾನು ನಿಮಗೆ ಹೇಳಲೇ ಇಲ್ಲ. ಅದೇ ಕಾಲದಲ್ಲಿ ಉಗ್ರಾದಿತ್ಯನೆಂಬ ಜೈನಮುನಿ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಔಷಧದಲ್ಲಿ ಮಾಂಸ, ಮಧು, ಮದ್ಯಗಳು ಬೇಡ. ಗಿಡಮೂಲಿಕೆ ಮತ್ತು ಖನಿಜಗಳಿಂದಲೇ ಚಿಕಿತ್ಸೆ ಸಾಧ್ಯ ಎಂಬುದು ಅವನ ನಿಲುವು. ಮಾಂಸೌಷಧವು ನಿರರ್ಥಕವೆಂಬ ವಾದವನ್ನು ಅವನು ನೃಪತುಂಗನ ಸಭೆಯಲ್ಲಿ, ವೈದ್ಯರ ಮುಂದೆ ಮಂಡಿಸಿದನೆಂದು ಆ ಗ್ರಂಥದ ಕೊನೆಯ ಭಾಗವೇ ಹೇಳುತ್ತದೆ. ತನ್ನ ವಿದ್ಯೆ ಗುರು ಶ್ರೀನಂದಿಯಿಂದ ಬಂದದ್ದೆಂದು ಅವನು ಸ್ಮರಿಸುತ್ತಾನೆ. ಹೂವುಗಳಿಂದಲೇ ಔಷಧ ಮಾಡುವ ಪುಷ್ಪಾಯುರ್ವೇದವೆಂಬ ಶಾಸ್ತ್ರವನ್ನು ಸಮಂತಭದ್ರಾಚಾರ್ಯರು ರಚಿಸಿದರೆಂಬ ಐತಿಹ್ಯವೂ ಜೈನ ಪರಂಪರೆಯಲ್ಲಿದೆ. ಮುಂದೆ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಗಾಗಿ 'ಗೋವೈದ್ಯ'ವನ್ನು ಬರೆದನು. ಸೊಪ್ಪು, ಬೇರು, ಹೂವುಗಳ ವಿದ್ಯೆಗೆ ಈ ಭಾಗದಲ್ಲಿ ಅರಮನೆಯ ಮರ್ಯಾದೆಯೂ ಕನ್ನಡದ ಮಾತೂ ದೊರೆತಿದ್ದುವು ಎಂಬುದಕ್ಕೆ ಇಷ್ಟು ಸಾಕು.

ಚಿತ್ತಾಪುರದ ಬಳಿಯ ನಾಗಾವಿಗೆ ನಿಮ್ಮನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ಕಲ್ಯಾಣ ಚಾಲುಕ್ಯರ ಕಾಲದ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಮಾತ್ರವಲ್ಲ, ಗ್ರಂಥಗಳನ್ನು ಕಾಯುವ ಸರಸ್ವತೀ ಭಾಂಡಾರಿಗರಿಗೂ ವ್ಯವಸ್ಥೆ ಮಾಡಿದ್ದನ್ನು ತಿಳಿಸುತ್ತದೆ. ಓಲೆಗರಿಯಲ್ಲಿದ್ದ ವಿದ್ಯೆಗೆ ಭಾಂಡಾರಿಗರಿದ್ದರು. ಹೊಲದಲ್ಲಿದ್ದ ವಿದ್ಯೆಗೆ ಭಾಂಡಾರಿಗರು ಯಾರು? ಈ ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ.

ಈಗ ಕುಸುಬೆಯ ವಿಷಯಕ್ಕೆ ಬರೋಣ. ಹಿಂಗಾರಿನಲ್ಲಿ ಬಿತ್ತುವ ಈ ಬೆಳೆ ಎರೆಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುತ್ತದೆ. ಇದರ ಬೇರು ಆಳಕ್ಕೆ ಇಳಿಯುತ್ತದೆ. ಎಳೆಯ ಸೊಪ್ಪು ಪಲ್ಯಕ್ಕೆ, ಬೀಜ ಎಣ್ಣೆಗೆ, ಬೀಜ ರುಬ್ಬಿ ತೆಗೆದ ಹಾಲು ಹುಗ್ಗಿಗೆ. ಮೈಯೆಲ್ಲ ಮುಳ್ಳಾದ್ದರಿಂದ ಜೋಳದ ಹೊಲದ ಅಂಚಿಗೆ ಸಾಲು ಹಾಕಿದರೆ ದನಗಳು ನುಗ್ಗುವುದಿಲ್ಲ. ಹೂವು ಮೊದಲು ಹಳದಿ, ಬಾಡುತ್ತ ಬಂದಂತೆ ಕೆಂಪು. ಕೆಂಪಿಗೆ ತಿರುಗಿದ ಮೇಲೆ ಎಸಳನ್ನು ಬಿಡಿಸಿದರೆ ಕಾಳಿಗೆ ನಷ್ಟವಿಲ್ಲ, ಏಕೆಂದರೆ ಅಷ್ಟರೊಳಗೆ ಕಾಳು ಕಟ್ಟಲು ಆರಂಭಿಸಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗಲೇ ಕೆಲಸ ಮುಗಿಯಬೇಕು. ಬಿಡಿಸಿದ ಎಸಳನ್ನು ಬಿಸಿಲಿಗೆ ಹಾಕಬಾರದು, ಬಣ್ಣ ಹಾರುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ತೆಳ್ಳಗೆ ಹರಡಬೇಕು. "ಬಸುರಿ ಹೆಂಗಸರಿಗೆ ಇದನ್ನ ಕೊಡಬಾರದ್ರಿ" ಎಂಬ ಎಚ್ಚರಿಕೆಯನ್ನು ತಾಯಿ ಮೊದಲ ವಾರವೇ ಹೇಳಿದರು. ಚೀನಾದ ವೈದ್ಯಪದ್ಧತಿಯೂ ಇದನ್ನೇ ಹೇಳುತ್ತದೆ.

ಈ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ನೀರಿಗೆ ಬಿಡುತ್ತದೆ. ಕಷಾಯದಲ್ಲಿ ನಾವು ಕಾಣುವುದು ಅದನ್ನೇ. ಕೆಂಪು ಮಾತ್ರ ಕ್ಷಾರದ ನೀರಿನಲ್ಲಷ್ಟೇ ಕರಗಿ, ಹುಳಿ ಬೆರೆತಾಗ ಬಟ್ಟೆಗೆ ಹಿಡಿಯುತ್ತದೆ. ಸಂಸ್ಕೃತ ಕಾವ್ಯಗಳಲ್ಲಿ ಬರುವ ಕುಸುಂಭ ವರ್ಣ ಇದೇ. ಈಜಿಪ್ತಿನ ಪುರಾತನ ಶವಗಳ ಹೂಮಾಲೆಗಳಲ್ಲಿ ಕುಸುಬೆ ಸಿಕ್ಕಿದೆ. ಜಪಾನಿನ ಯಮಗಾತ ಸೀಮೆಯಲ್ಲಿಯೂ ಇದನ್ನು ಬಣ್ಣಕ್ಕಾಗಿ, ನಮ್ಮಂತೆಯೇ ಮುಂಜಾನೆಯ ಇಬ್ಬನಿಯಲ್ಲಿ ಬಿಡಿಸುತ್ತಾರೆ. 19ನೆಯ ಶತಮಾನದಲ್ಲಿ ಢಾಕಾದ ಕುಸುಬೆ ಹೂವು ಇಂಗ್ಲೆಂಡಿಗೆ ರಫ್ತಾಗುತ್ತಿತ್ತು. 1856ರಲ್ಲಿ ಪರ್ಕಿನ್ ಎಂಬ ತರುಣ ಕೃತಕ ಬಣ್ಣವನ್ನು ಕಂಡುಹಿಡಿದ ಮೇಲೆ, ಕೆಲವೇ ದಶಕಗಳಲ್ಲಿ ಆ ವ್ಯಾಪಾರ ಕುಸಿಯಿತು. ಹೂವಿನ ಬೆಲೆ ಹೋಯಿತು, ಕಾಳಿನ ಬೆಲೆ ಉಳಿಯಿತು.

ನಮ್ಮ ಊರುಗಳಿಗೆ ಹೊಸ ಕಾಲ ಬಂದದ್ದು ರೈಲಿನಲ್ಲಿ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂಗಳ ಮೂಲಕ ಹೈದರಾಬಾದಿಗೆ ನಿಜಾಮ ಸಂಸ್ಥಾನದ ರೈಲುಮಾರ್ಗ ತೆರೆಯಿತು. ಭಾರತೀಯರಿಗೆ ಚಹಾ ಕುಡಿಯುವುದನ್ನು ಕಲಿಸಲು 1903ರ ಚಹಾ ಕರದ ಹಣದಿಂದ ಪ್ರಚಾರ ನಡೆದಾಗ, ರೈಲು ನಿಲ್ದಾಣಗಳು ಅದರ ಮುಖ್ಯ ಪಾಠಶಾಲೆಗಳಾದುವು. ಅದೇ ಹಳಿಗಳ ಮೇಲೆ ಶಹಾಬಾದಿನ ಫರಸಿ ಕಲ್ಲೂ ನಂತರ ಸಿಮೆಂಟೂ ಹೊರಗೆ ಹೋದುವು. ಶಹಾಬಾದ್, ವಾಡಿ, ಸೇಡಂಗಳ ನೆಲದಡಿಯ ಸುಣ್ಣದ ಕಲ್ಲೇ ಇದಕ್ಕೆಲ್ಲ ಮೂಲ. ಅದರಿಂದ ಸಾವಿರಾರು ಮನೆಗಳಿಗೆ ಅನ್ನ ದೊರೆತಿದೆ; ನಿಮ್ಮಲ್ಲಿ ಹಲವರ ಮನೆಯೂ ಅದರಿಂದಲೇ ನಡೆಯಿತು. ಅದನ್ನು ಹಳಿಯಲಾರೆ. ಆದರೆ ಒಮ್ಮೆ ಅಗೆದ ಹೊಲದಲ್ಲಿ ಮತ್ತೆ ಕುಸುಬೆ ಬೆಳೆಯುವುದಿಲ್ಲ ಎಂಬುದೂ ಸತ್ಯ. ಚಿಂಚೋಳಿಯ ಕಡೆಗೆ ಸುಮಾರು 135 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿ, ಅಲ್ಲಿನ ಗಿಡಮೂಲಿಕೆಗಳಿಗೆ ಒಂದು ಆಸರೆ ದೊರೆಯಿತು. ಹೊಲದ ಗಿಡಗಳಿಗೆ ಅಂಥ ಆಸರೆ ಇಲ್ಲ. ಅವನ್ನು ಬಿತ್ತುವ ಕೈಯೇ ಆಸರೆ.

ಕುಸುಬೆ ಕಡಿಮೆಯಾದದ್ದಕ್ಕೆ ಎರಡು ಕಾರಣಗಳನ್ನು ನನ್ನ ವಿದ್ಯಾರ್ಥಿ ಹೇಳುತ್ತಾನೆ. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾಗಿ ಅಗ್ಗದ ಎಣ್ಣೆ ಬಂತು; ಮುಳ್ಳಿನ ಬೆಳೆ ಕೊಯ್ಯಲು ಕೂಲಿಯವರು ಸಿಗದಾದರು. ಎರಡನೆಯದಕ್ಕೆ ಪರಿಹಾರವೊಂದುಂಟು. ಮಹಾರಾಷ್ಟ್ರದ ಫಲಟಣದಲ್ಲಿ 1968ರಲ್ಲಿ ಆರಂಭವಾದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಮುಳ್ಳಿಲ್ಲದ ಕುಸುಬೆಯ ತಳಿಗಳನ್ನು ರೂಪಿಸಿದೆ. ಎಸಳು ಬಿಡಿಸುವವರಿಗೆ ಇದು ದೊಡ್ಡ ಉಪಕಾರ. ಅವನು ಅರ್ಧ ಎಕರೆಗೆ ಮುಳ್ಳಿಲ್ಲದ್ದನ್ನು ಹಾಕಿದ್ದಾನೆ. ಅಂಚಿನ ಸಾಲಿಗೆ ಮಾತ್ರ ಹಳೆಯ ಮುಳ್ಳಿನದೇ. "ದನ ಓದಿಲ್ಲಲ್ರೀ ಸರ್, ಅವಕ್ಕ ಮುಳ್ಳs ಬೇಕು" ಎಂದು ನಗುತ್ತಾನೆ.

ಪುಂಡಿಯ ಕಥೆಯೂ ಸ್ವಾರಸ್ಯವಾದುದು. ಪುಂಡಿಪಲ್ಯ, ಜೋಳದ ರೊಟ್ಟಿ ಇಲ್ಲದ ಊಟ ನಮ್ಮ ಸೀಮೆಯಲ್ಲಿ ಊಟವೇ? ಆದರೆ ಆ ಕೆಂಪು ಪುಂಡಿಯ ಹೂವು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡಿರುವ ದಪ್ಪ ಕೆಂಪು ಪುಷ್ಪಪತ್ರಗಳನ್ನು ಒಣಗಿಸಿ, ಸುಡಾನ್ ಮತ್ತು ಈಜಿಪ್ತಿನ ಜನ 'ಕರ್ಕಡೆ' ಎಂಬ ಪಾನೀಯವನ್ನು ಮಾಡುತ್ತಾರೆ. ಆಫ್ರಿಕದಿಂದ ಬಂದ ಗಿಡದ ಎಲೆಯನ್ನು ನಾವು ತಿಂದೆವು, ಅವರು ಹೂವಿನ ಬಟ್ಟಲನ್ನು ಕುಡಿದರು. ನನ್ನ ವಿದ್ಯಾರ್ಥಿ ಈಗ ಎರಡನ್ನೂ ಮಾರುತ್ತಾನೆ.

ಇನ್ನೊಂದು ಮಾತು ಹೇಳದೆ ಈ ಲೇಖನ ಮುಗಿಸಲಾರೆ. ಈ ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ, ಮಾಘಮಾಸದಲ್ಲಿ, ಪರೀಕ್ಷೆಗೆ ಮುಂಚೆ ಎಂಟು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಕೈ ಚಾಚು ಎಂದೆ. ಚಾಚಿದ. ಅಂಗೈಯಲ್ಲಿ ಗೀರುಗಳಿದ್ದುವು, ನೋಡಿದೆ, ಏನೆಂದು ಕೇಳಲಿಲ್ಲ. ಬೆತ್ತದಿಂದ ಎರಡು ಏಟು ಕೊಟ್ಟೆ. ಆ ದಿನದ ಪಾಠ ರಾಷ್ಟ್ರಕೂಟರದೇ ಆಗಿತ್ತೆಂದು ನೆನಪು.

ಈ ಸಲ ಹೊಲದಲ್ಲಿ ನಾಲ್ಕನೆಯ ದಿನ ಬಟ್ಟೆ ಸುತ್ತಿಕೊಳ್ಳುವುದನ್ನು ಮರೆತು ಅಂಚಿನ ಸಾಲಿಗೆ ಕೈಹಾಕಿದೆ. ಸಂಜೆ ನನ್ನ ಅಂಗೈ ನೋಡಿಕೊಂಡಾಗ ಆ ಗೀರುಗಳ ಗುರುತು ಸಿಕ್ಕಿತು. ಕುಸುಬೆ ಕೊಯ್ಲು ಅದೇ ತಿಂಗಳಿನದು. ಹುಡುಗನು ಶಾಲೆ ತಪ್ಪಿಸಿರಲಿಲ್ಲ, ಇನ್ನೊಂದು ಶಾಲೆಯಲ್ಲಿದ್ದ. ಮರುದಿನ ಅವನಿಗೆ ಇದನ್ನು ಹೇಳಿ ಕ್ಷಮೆ ಕೇಳಿದೆ. ಅವನು ಮಾತಾಡಲಿಲ್ಲ. ತಾಯಿ ಮಾತ್ರ, "ಅದೆಲ್ಲ ಈಗ್ಯಾಕ್ರೀ ಮಾಸ್ತರ, ಕೈ ಕೊಡ್ರಿ ಇಲ್ಲಿ" ಎಂದು ಕುಸುಬೆ ಎಣ್ಣೆಯನ್ನು ಬಿಸಿಮಾಡಿ ನನ್ನ ಅಂಗೈಗೆ ಹಚ್ಚಿದರು.

ನಾಗಾವಿಯಲ್ಲಿ ಹೊಳೆಯದಿದ್ದ ಪ್ರಶ್ನೆಗೆ ಉತ್ತರ ಆ ಸಂಜೆ ನನ್ನೆದುರಿಗೇ ಕುಳಿತಿತ್ತು. ಹೊಲದ ವಿದ್ಯೆಗೆ ಇಂಥ ತಾಯಂದಿರೇ ಸರಸ್ವತೀ ಭಾಂಡಾರಿಗರು. ಅವರ ಗ್ರಂಥಕ್ಕೆ ಪ್ರತಿ ಇಲ್ಲ. ಬಳಿಯಲ್ಲಿ ಕುಳಿತು ಕಲಿತವರೇ ಪ್ರತಿ. ನಿಮ್ಮ ಮನೆಗಳಲ್ಲಿಯೂ ಇಂಥವರು ಇದ್ದಾರು. ಈ ಸಂಕ್ರಾಂತಿಗೆ ಊರಿಗೆ ಬಂದಾಗ ಅವರ ಜೊತೆ ಒಂದು ಬೆಳಗು ಹೊಲಕ್ಕೆ ಹೋಗಿಬನ್ನಿ. ಕೈಗೆ ಬಟ್ಟೆ ಸುತ್ತಿಕೊಳ್ಳುವುದನ್ನು ಮರೆಯಬೇಡಿ.