ಕಂಬಾಲಪಲ್ಲಿ: ಬಂಧನ ಆಯ್ತು, ಬೀದಿ ಖಾಲಿಯಾಯ್ತು, ಆಮೇಲೆ?

ಒಂದೇ ಮನೆಯ ನಾಲ್ಕೈದು ಜನರ ಕೊಲೆ ಅಂತ ಸುದ್ದಿ ಬಂದ ದಿನ ನಮ್ಮ ಫೋನುಗಳು ಹೇಗೆ ಉರಿಯುತ್ತವೆ ಅನ್ನೋದು ಎಲ್ಲರಿಗೂ ಗೊತ್ತು. ಮೊದಲ ದಿನ ಫೋಟೋ, ಎರಡನೇ ದಿನ 'ಗಲ್ಲಿಗೇರಿಸಿ', ಮೂರನೇ ದಿನ ಆರೋಪಿಯ ಬಂಧನ. ನಾಲ್ಕನೇ ದಿನ ಬೇರೆ ಸುದ್ದಿ. ಬಂಧನ ಆಯ್ತಲ್ಲ, ಇನ್ನು ಕಾನೂನು ನೋಡಿಕೊಳ್ಳುತ್ತೆ ಅಂತ ನಾವು ಮುಂದಕ್ಕೆ ಹೋಗುತ್ತೇವೆ.

ಆದರೆ ಕಾನೂನಿನ ಲೆಕ್ಕದಲ್ಲಿ ಕೇಸು ಶುರುವಾಗುವುದೇ ನಾವು ಎದ್ದು ಹೋದ ಮೇಲೆ. ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲೂಕಿನಲ್ಲಿ ಕಂಬಾಲಪಲ್ಲಿ ಅಂತ ಒಂದು ಊರಿದೆ.

ಆ ರಾತ್ರಿ ನಡೆದದ್ದು

2000ದ ಮಾರ್ಚ್ 11ರ ರಾತ್ರಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಪ್ರಬಲ ಜಾತಿಯ ಗುಂಪೊಂದು ಅವರನ್ನು ಮನೆಯೊಳಗೆ ಕೂಡಿಹಾಕಿ ಬೆಂಕಿ ಇಟ್ಟಿತು ಎಂಬುದು ಆರೋಪ. ಸತ್ತವರಲ್ಲಿ ತಾಯಿ, ಮಕ್ಕಳು ಸೇರಿ ಒಂದೇ ಕುಟುಂಬದವರೇ ಹೆಚ್ಚು. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆಯೇ ಆಗಿರಲಿಲ್ಲ. 2007ರವರೆಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಎಲ್ಲವೂ ಕೋಲಾರ ಜಿಲ್ಲೆಯಲ್ಲೇ ಇದ್ದವು.

ಈ ಬೆಂಕಿ ಒಂದೇ ರಾತ್ರಿ ಹೊತ್ತಿದ್ದಲ್ಲ. ಎರಡು ವರ್ಷ ಮೊದಲೇ ಊರಿನಲ್ಲಿ ದಲಿತರೊಬ್ಬರ ಕೊಲೆಯಾಗಿತ್ತು. ಅಲ್ಲಿಂದ ದ್ವೇಷ ಹೊಗೆಯಾಡುತ್ತಲೇ ಇತ್ತು. ಮಾರ್ಚ್ 11ರಂದು ನಡೆದ ಗಲಾಟೆಯಲ್ಲಿ ಪ್ರಬಲ ಜಾತಿಯ ಒಬ್ಬ ವ್ಯಕ್ತಿ ಸತ್ತ. ಅದಕ್ಕೆ ಪ್ರತೀಕಾರವಾಗಿ ಗುಂಪು ದಲಿತರ ಮನೆಗಳಿಗೆ ನುಗ್ಗಿತು ಎಂದು ವರದಿಗಳು ಹೇಳಿದವು. ಆ ಸಾವೂ ಕೊಲೆಯೇ, ಅದಕ್ಕೂ ತನಿಖೆ, ವಿಚಾರಣೆ ಆಗಬೇಕಿತ್ತು. ಆದರೆ ಒಂದು ಕೊಲೆಗೆ ಉತ್ತರವಾಗಿ ಒಂದು ಕೇರಿಯನ್ನೇ ಸುಡಬಹುದು ಅನ್ನುವ ಧೈರ್ಯ ಬರುವುದು ಜಾತಿಯ ಬಲ ಬೆನ್ನಿಗಿದ್ದಾಗ ಮಾತ್ರ.

ಸಿಟ್ಟು ಸಣ್ಣದಾಗಿರಲಿಲ್ಲ

ವಾಟ್ಸಾಪ್ ಇಲ್ಲದ ಕಾಲ. ಆದರೂ ಸುದ್ದಿ ರಾಜ್ಯ ತುಂಬಾ ಹಬ್ಬಿತು. ದಲಿತ ಸಂಘಟನೆಗಳು, ಎಡಪಕ್ಷಗಳು, ವಿದ್ಯಾರ್ಥಿಗಳು ಬೀದಿಗಿಳಿದರು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿ ಆಗಿನ್ನೂ ಐದು ತಿಂಗಳು. ಗೃಹ ಖಾತೆ ಮಲ್ಲಿಕಾರ್ಜುನ ಖರ್ಗೆ ಅವರ ಕೈಯಲ್ಲಿತ್ತು. ಅಂದರೆ ಪೊಲೀಸ್ ಇಲಾಖೆಯ ಚುಕ್ಕಾಣಿ ಹಿಡಿದಿದ್ದವರು ರಾಜ್ಯದ ಹಿರಿಯ ದಲಿತ ನಾಯಕರೇ. ಬಂಧನಗಳಾದವು, ದೋಷಾರೋಪ ಪಟ್ಟಿಯೂ ಸಲ್ಲಿಕೆಯಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದು ಆಗಲೇ ಹತ್ತು ವರ್ಷ ಆಗಿತ್ತು.

ಹಾಗಾಗಿ 'ಕಾನೂನೇ ಇರಲಿಲ್ಲ', 'ಸರ್ಕಾರದಲ್ಲಿ ನಮ್ಮವರಿರಲಿಲ್ಲ', 'ಯಾರೂ ಹೋರಾಡಲಿಲ್ಲ' ಅನ್ನುವ ಮೂರು ಸುಲಭದ ಕಾರಣಗಳು ಇಲ್ಲಿ ನಡೆಯುವುದಿಲ್ಲ. ಮೂರೂ ಇದ್ದವು.

ಆದರೂ 2006ರ ಡಿಸೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು. 2014ರ ಆಗಸ್ಟ್‌ನಲ್ಲಿ ಹೈಕೋರ್ಟ್ ಕೂಡ ಖುಲಾಸೆಯನ್ನೇ ಎತ್ತಿಹಿಡಿಯಿತು. ಎರಡೂ ಕಡೆ ಕೇಸು ಬಿದ್ದದ್ದು ಒಂದೇ ಜಾಗದಲ್ಲಿ: ಸಾಕ್ಷಿಗಳು ತಿರುಗಿಬಿದ್ದಿದ್ದರು.

ಏಳು ಜನ ಸುಟ್ಟು ಸತ್ತಿದ್ದು ನಿಜ. ಸುಟ್ಟವರು ಯಾರು ಅನ್ನೋದು ಮಾತ್ರ ಕಾನೂನಿನ ಕಣ್ಣಿಗೆ ಇವತ್ತಿಗೂ ಸಾಬೀತಾಗಿಲ್ಲ.

ಸಾಕ್ಷಿ ಯಾಕೆ ತಿರುಗಿಬೀಳುತ್ತಾನೆ?

'ದುಡ್ಡು ತಗೊಂಡ' ಅಂತ ಒಂದೇ ಮಾತಲ್ಲಿ ಹೇಳಿಬಿಡುವುದು ಸುಲಭ. ಆದರೆ ಸಾಕ್ಷಿಯ ಜಾಗದಲ್ಲಿ ಒಮ್ಮೆ ನಿಂತು ನೋಡಿ.

ಘಟನೆ ಆದಾಗ ಪೊಲೀಸರು ಅವನ ಹೇಳಿಕೆ ಬರೆದುಕೊಳ್ಳುತ್ತಾರೆ. ಅದಕ್ಕೆ ಅವನ ಸಹಿ ಇರುವುದಿಲ್ಲ. ನ್ಯಾಯಾಲಯದಲ್ಲಿ ಆ ಹೇಳಿಕೆಯೇ ಸಾಕ್ಷ್ಯವೂ ಆಗುವುದಿಲ್ಲ. ವರ್ಷಗಳ ನಂತರ ಅವನು ಕಟಕಟೆಗೆ ಬಂದು, ಆರೋಪಿಯ ಎದುರೇ, ಕಂಡದ್ದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಅದಕ್ಕೆ ಬೆಲೆ. 'ನಾನು ನೋಡಿಲ್ಲ ಸ್ವಾಮಿ' ಅಂದರೆ ಅಲ್ಲಿಗೆ ಮುಗೀತು.

ಈ ಮಧ್ಯದ ವರ್ಷಗಳಲ್ಲಿ ಅವನು ಎಲ್ಲಿರುತ್ತಾನೆ? ಅದೇ ಊರಲ್ಲಿ. ಜಾಮೀನಿನ ಮೇಲೆ ಬಂದ ಆರೋಪಿಯೂ ಅದೇ ಊರಲ್ಲಿ. ಟೊಮೆಟೊ ಕೀಳುವ ಕೂಲಿ, ಹಿಪ್ಪುನೇರಳೆ ತೋಟದ ಕೆಲಸ, ಕೈಸಾಲ, ದನ ಮೇಯಿಸುವ ಜಾಗ, ನೀರು ಎಲ್ಲವೂ ಯಾರ ಕೈಯಲ್ಲಿದೆಯೋ ಅವರ ವಿರುದ್ಧವೇ ಅವನು ಸಾಕ್ಷಿ ಹೇಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಪರಿಶಿಷ್ಟ ಜಾತಿಯವರು. ಆದರೆ ತಲೆಯ ಎಣಿಕೆಯೇ ಬೇರೆ, ಜಮೀನಿನ ಎಣಿಕೆಯೇ ಬೇರೆ.

ಬೀದಿಯಲ್ಲಿ ಘೋಷಣೆ ಕೂಗಿದವರು ಬಸ್ಸು ಹತ್ತಿ ಊರಿಗೆ ಹೋದರು. ಸಾಕ್ಷಿಗೆ ಹತ್ತಲು ಬಸ್ಸಿರಲಿಲ್ಲ.

ಅದೇ ಕತೆ, ಬೇರೆ ಅಂತ್ಯ

ಗುಜರಾತಿನ ವಡೋದರಾದಲ್ಲಿ 2002ರ ಮಾರ್ಚ್ 1ರಂದು ಬೆಸ್ಟ್ ಬೇಕರಿಗೆ ಗುಂಪೊಂದು ಬೆಂಕಿ ಹಚ್ಚಿತು. 14 ಜನ ಸತ್ತರು. ಅಲ್ಲೂ ಸಾಕ್ಷಿಗಳು ತಿರುಗಿಬಿದ್ದರು, 2003ರಲ್ಲಿ ಎಲ್ಲ 21 ಆರೋಪಿಗಳೂ ಖುಲಾಸೆಯಾದರು. ಆದರೆ ಅಲ್ಲಿ ಕೆಲವರು ಎದ್ದು ಹೋಗಲಿಲ್ಲ. ಮಾನವ ಹಕ್ಕು ಆಯೋಗ ಮತ್ತು ಹೋರಾಟಗಾರರು ಸುಪ್ರೀಂ ಕೋರ್ಟಿನವರೆಗೆ ಹೋದರು. 2004ರಲ್ಲಿ ಕೋರ್ಟ್ ಖುಲಾಸೆಯನ್ನು ರದ್ದು ಮಾಡಿ, ಗುಜರಾತಿನ ಹೊರಗೆ ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. 2006ರಲ್ಲಿ ಮುಂಬೈನಲ್ಲಿ ಒಂಬತ್ತು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. 2012ರಲ್ಲಿ ಬಾಂಬೆ ಹೈಕೋರ್ಟ್ ಐವರನ್ನು ಬಿಟ್ಟು, ನಾಲ್ವರ ಶಿಕ್ಷೆಯನ್ನು ಉಳಿಸಿತು.

ಪೂರ್ತಿ ನ್ಯಾಯ ಅಂತ ಯಾರೂ ಅನ್ನಲಾರರು. ಆದರೆ ಖುಲಾಸೆಯೇ ಕೊನೆಯ ಮಾತಲ್ಲ ಅನ್ನೋದು ಸಾಬೀತಾಯಿತು. ಮುಂಬೈನಲ್ಲಿ ಶಿಕ್ಷೆಯಾದ ಅದೇ 2006ರಲ್ಲೇ ಕಂಬಾಲಪಲ್ಲಿಯ ಆರೋಪಿಗಳು ಖುಲಾಸೆಯಾಗಿದ್ದು.

ಸಿಟ್ಟೇ ಕೇಸನ್ನು ಕೆಡಿಸಿದರೆ?

ಬೀದಿ ಬೇಗ ಖಾಲಿಯಾಗುವುದು ಒಂದು ಸಮಸ್ಯೆ. ಬೀದಿ ತಪ್ಪು ಜಾಗದಲ್ಲಿ ತುಂಬುವುದು ಇನ್ನೊಂದು.

2023ರ ನವೆಂಬರ್ 12, ದೀಪಾವಳಿಯ ಭಾನುವಾರ. ಉಡುಪಿ ಬಳಿಯ ನೇಜಾರಿನಲ್ಲಿ ತಾಯಿ ಮತ್ತು ಮೂವರು ಮಕ್ಕಳನ್ನು ಮನೆಯಲ್ಲೇ ಚೂರಿಯಿಂದ ಇರಿದು ಕೊಲ್ಲಲಾಯಿತು. ಎರಡೇ ದಿನದಲ್ಲಿ ಬೆಳಗಾವಿ ಜಿಲ್ಲೆಯ ಕುಡಚಿಯಲ್ಲಿ ಆರೋಪಿ ಸಿಕ್ಕ. ಮಹಜರಿಗೆಂದು ಅವನನ್ನು ಮನೆಗೆ ಕರೆತಂದಾಗ ದೊಡ್ಡ ಗುಂಪು ಸೇರಿ 'ನಮ್ಮ ಕೈಗೆ ಕೊಡಿ' ಎಂದು ಪಟ್ಟು ಹಿಡಿಯಿತು. ಪೊಲೀಸರು ಲಾಠಿ ಬೀಸಿ ಚದುರಿಸಬೇಕಾಯಿತು.

ಆ ನೋವು ಯಾರಿಗೂ ಅರ್ಥವಾಗುತ್ತೆ. ಆದರೆ ಸ್ಥಳ ಮಹಜರು ಅಂದರೆ ಪ್ರದರ್ಶನವಲ್ಲ, ಅದು ಸಾಕ್ಷ್ಯ ಕೂಡಿಸುವ ಕೆಲಸ. ಆರೋಪಿಯ ಮುಖಕ್ಕೆ ಮುಸುಕು ಹಾಕುವುದೂ ಅವನ ಮರ್ಯಾದೆ ಕಾಯಲು ಅಂತ ಬಹಳ ಜನ ತಿಳಿದಿದ್ದಾರೆ. ನಾಳೆ ಗುರುತು ಪತ್ತೆ ಪರೇಡ್ ಮಾಡಬೇಕಾದಾಗ, 'ಇವನ ಮುಖ ಸಾಕ್ಷಿ ಟಿವಿಯಲ್ಲಿ ಮೊದಲೇ ನೋಡಿದ್ದಾನೆ' ಎಂದು ಆರೋಪಿಯ ವಕೀಲರು ವಾದಿಸದಿರಲಿ ಅನ್ನುವುದು ಅದರ ಮುಖ್ಯ ಕಾರಣ. ನಾವು ಸಿಟ್ಟಿನಲ್ಲಿ ಹಂಚುವ ಒಂದು ಫೋಟೋ ಅವನಿಗೇ ನೆರವಾಗಬಹುದು.

ಹಾಗೆಯೇ 'ಇವನ ಪರ ಯಾರೂ ವಕಾಲತ್ತು ಹಾಕಬಾರದು' ಅನ್ನುವ ಕೂಗು. ವಕೀಲರ ಸಂಘಗಳು ಇಂಥ ನಿರ್ಣಯ ಮಾಡುವುದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ವಕೀಲರೇ ಇಲ್ಲದೆ ನಡೆದ ವಿಚಾರಣೆಯಲ್ಲಿ ಶಿಕ್ಷೆಯಾದರೂ ಅದು ಮೇಲಿನ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಈಗ ಕೈಯಲ್ಲಿರುವ ಹತ್ಯಾರುಗಳು

ಕಂಬಾಲಪಲ್ಲಿಯ ಕಾಲಕ್ಕೆ ಇಲ್ಲದ ಕೆಲವು ಈಗ ಇವೆ. ಕೊಲೆ ಪ್ರಕರಣವೊಂದನ್ನು ಬೆನ್ನುಹತ್ತುವವರಿಗೆ ಇವು ಗೊತ್ತಿರಲಿ.

ದೋಷಾರೋಪ ಪಟ್ಟಿ: ಕೊಲೆಯಂಥ ಅಪರಾಧದಲ್ಲಿ 90 ದಿನದೊಳಗೆ ಸಲ್ಲಿಸದಿದ್ದರೆ, ಬಂಧನದಲ್ಲಿರುವ ಆರೋಪಿಗೆ ಜಾಮೀನು ಕೇಳುವ ಹಕ್ಕು ತಾನಾಗಿ ಬರುತ್ತೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಸಂತ್ರಸ್ತರಿಗೆ ಪೊಲೀಸರೇ ತಿಳಿಸಬೇಕು ಎಂದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತೆ. ಬಂಧನದ ದಿನಾಂಕ ಬರೆದಿಡಿ, 90 ಎಣಿಸಿ.

ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ: ಹಿಂದಿನ 164ನೇ ಸೆಕ್ಷನ್, ಈಗ 183. ಇದೂ ಒಂದೇ ಸಾಲದು. ಆದರೆ ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಿದ್ದನ್ನು ಆಮೇಲೆ ಅಲ್ಲಗಳೆಯುವುದು ಸುಲಭವಲ್ಲ.

ಸಾಕ್ಷಿ ರಕ್ಷಣೆ: 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಎಲ್ಲ ರಾಜ್ಯಗಳೂ ಪಾಲಿಸಬೇಕು ಎಂದಿತು. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸ್ ಕಾವಲಿನಿಂದ ಹಿಡಿದು ವಾಸ ಬದಲಿಸುವವರೆಗೆ ಅದರಲ್ಲಿ ಅವಕಾಶವಿದೆ.

ದೌರ್ಜನ್ಯ ಪ್ರಕರಣವಾದರೆ: 2016ರಿಂದ ಜಾರಿಯಲ್ಲಿರುವ ತಿದ್ದುಪಡಿಯ 15ಎ ಸೆಕ್ಷನ್ ಪ್ರಕಾರ ಸಾಕ್ಷಿಗಳ ರಕ್ಷಣೆ ಸರ್ಕಾರದ ಕರ್ತವ್ಯ. ಜಾಮೀನು ಅರ್ಜಿಯ ವಿಚಾರಣೆಯಲ್ಲಿ ಸಂತ್ರಸ್ತರ ಮಾತು ಕೇಳಲೇಬೇಕು. ಕೋರ್ಟಿಗೆ ಹೋಗಿ ಬರುವ ಖರ್ಚೂ ಸಿಗಬೇಕು.

ಇವೆಲ್ಲ ಕಾಗದದ ಮೇಲಿವೆ. ಅರ್ಜಿ ಬರೆಯುವವರು, ಜೊತೆಗೆ ಹೋಗುವವರು ಇದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ.

ವಾಯಿದೆಯ ದಿನ ಯಾರಿದ್ದಾರೆ?

ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ, ಅಂದರೆ ಕಂಬಾಲಪಲ್ಲಿಯ ಹೈಕೋರ್ಟ್ ತೀರ್ಪು ಬಂದ ಅದೇ ತಿಂಗಳು, ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ಕತೆ ಇನ್ನೂ ಇದೆ. ಆದರೆ ಹತ್ತು ವರ್ಷ ಕೇಸು ಬಿಡದೆ ಹಿಡಿದರೆ ಶಿಕ್ಷೆಯೂ ಆಗುತ್ತೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದಾಗ, ಸಿಟ್ಟು ಬರಲಿ, ಬರಬೇಕು ಕೂಡ. ಚಿಂತಾಮಣಿಯ ಸರ್ಕಲ್ಲಿನಲ್ಲೋ ಚಿಕ್ಕಬಳ್ಳಾಪುರದ ಡಿಸಿ ಕಚೇರಿ ಮುಂದೆಯೋ ಸೇರಿ. ಆದರೆ ಮನೆಗೆ ಹೋಗುವ ಮೊದಲು ಇಬ್ಬರನ್ನು ಆರಿಸಿ, ಈ ಕೇಸಿನ ಪ್ರತಿ ವಾಯಿದೆಗೂ ಸಾಕ್ಷಿಯ ಜೊತೆ ಹೋಗುವವರನ್ನು. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ತನ್ನವರು ಇಬ್ಬರು ಕೂತಿದ್ದಾರೆ ಅಂತ ಗೊತ್ತಿದ್ದರೆ, ಕಟಕಟೆಯಲ್ಲಿ ನಿಂತವನ ದನಿ ಸ್ವಲ್ಪ ಗಟ್ಟಿಯಾಗುತ್ತೆ.

ಕಂಬಾಲಪಲ್ಲಿಯಲ್ಲಿ ಆ ಬೆಂಚು ಖಾಲಿ ಇತ್ತೋ ಏನೋ, ಈಗ ಬದಲಿಸಲಾಗದು. ಮುಂದಿನದ್ದು ನಮ್ಮ ಕೈಲಿದೆ.