ಗೋಡೆಯ ಹೊರಮೈ ಯಾರದು?



ಮಳೆಗಾಲ ಮುಗಿದು ನವರಾತ್ರಿಯ ಪೆಂಡಾಲುಗಳು ಇಳಿದವೆಂದರೆ ಸಾಕು, ಸಾನಪಾಡಾದ ಸೆಕ್ಟರುಗಳಲ್ಲಿ ಬಿದಿರಿನ ಪರಾಂಚಿಗಳು ಏಳತೊಡಗುತ್ತವೆ. ಊರ ಕಡೆ ಇದನ್ನೇ ಸಾರುವೆ ಅಂತೀವಿ. ಮನೆಯೊಳಗಿನ ಟೈಲ್ಸ್ ಬದಲಿಸಲು, ಅಡುಗೆಕಟ್ಟೆಗೆ ಹೊಸ ಕಲ್ಲು ಹಾಸಲು ನಾವು ಅಕ್ಕಪಕ್ಕದವರ ಹಣ ಕೇಳುವುದಿಲ್ಲ. ಹೊರಗೋಡೆಯ ಮಾತು ಬಂದಾಗ ಮಾತ್ರ ವಿಶೇಷ ಮಹಾಸಭೆ, ಮೂರು ಕೊಟೇಶನ್, ಮೂವತ್ತು ಅಭಿಪ್ರಾಯ! ಕೆಳಗಿನವರಿಗೆ ಸೋರುವುದಿಲ್ಲ, ಮೇಲಿನವರಿಗೆ ನಿದ್ದೆಯಿಲ್ಲ. "ನನ್ನ ಗೋಡೆ ಚೆನ್ನಾಗಿಯೇ ಇದೆ, ನಾನೇಕೆ ಕೊಡಲಿ?" ಎಂಬ ಪ್ರಶ್ನೆ ಸಭೆಯಲ್ಲಿ ಒಮ್ಮೆಯಾದರೂ ಏಳುತ್ತದೆ.

ಈ ಪ್ರಶ್ನೆ ಸಾನಪಾಡಾದಷ್ಟು ಹೊಸದಲ್ಲ. ಬೇರೆ ಬೇರೆ ಊರುಗಳು ಇದಕ್ಕೆ ಕಂಡುಕೊಂಡ ಒಂದು ಉತ್ತರ ಎಂದರೆ ಮ್ಯಾಚಿಂಗ್ ಗ್ರಾಂಟ್, ಅಂದರೆ ಪಾಲಿಗೆ ಪಾಲು. ನೆರೆಹೊರೆಯವರು ಒಟ್ಟಾಗಿ ಇಷ್ಟು ಹಾಕಿದರೆ ಸರ್ಕಾರವೋ ಸಂಸ್ಥೆಯೋ ಇಷ್ಟು ಸೇರಿಸುತ್ತದೆ. ನಮ್ಮ ಊರುಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ವಂತಿಗೆ ಪಟ್ಟಿ ಹಿಡಿದು ಹೊರಟವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಬೀಳುವ ತನಕ ಎರಡನೆಯದು ಬೀಳುವುದಿಲ್ಲ.

ಮೊದಲು ಮುಂಬಯಿಯ ಕಥೆ ಕೇಳಿ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನಿಗೆ ತಲೆಯ ಮೇಲೆ ಸೂರು ಉಳಿಯಿತು, ನಿಜ. ಆದರೆ ಮಾಲೀಕನಿಗೆ ಸುಣ್ಣ ಬಳಿಸುವಷ್ಟೂ ಹುಟ್ಟದ ಕಟ್ಟಡದ ಮೇಲೆ ಮಮತೆ ಉಳಿಯಲಿಲ್ಲ. ಮನೆಯ ಒಳಗನ್ನು ಬಾಡಿಗೆದಾರ ನೋಡಿಕೊಂಡ, ಹೊರಗನ್ನು ಯಾರೂ ನೋಡಲಿಲ್ಲ. ಚಾಳುಗಳ ಮರದ ತೊಲೆಗಳು ಕೊಳೆತವು, ಗ್ಯಾಲರಿಗಳು ಜೋತುಬಿದ್ದವು. ಮಳೆಗಾಲದಲ್ಲಿ ಕಟ್ಟಡ ಕುಸಿದ ಸುದ್ದಿ ವಾಡಿಕೆಯೇ ಆಗಿಹೋಯಿತು.

ಕೊನೆಗೆ 1969ರಲ್ಲಿ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾನೂನು ಬಂತು. ದ್ವೀಪನಗರದ ಸುಮಾರು 19,600 ಹಳೆಯ ಕಟ್ಟಡಗಳ ಮೇಲೆ ಸೆಸ್ ವಿಧಿಸಿ, ಅದಕ್ಕೆ ರಾಜ್ಯ ಸರ್ಕಾರದ ಮತ್ತು ಮಹಾನಗರಪಾಲಿಕೆಯ ಪಾಲು ಸೇರಿಸಿ, ಮಂಡಳಿಯೇ ದುರಸ್ತಿ ಮಾಡಿಸಬೇಕು ಎಂಬುದು ಏರ್ಪಾಡು. 1977ರಲ್ಲಿ ಈ ಮಂಡಳಿ ಮ್ಹಾಡಾದೊಳಗೆ ಸೇರಿತು. ಇದರಲ್ಲೊಂದು ಸೂಕ್ಷ್ಮವಿದೆ. ಮಂಡಳಿ ಖರ್ಚು ಮಾಡುವುದಕ್ಕೆ ಚದರ ಮೀಟರಿಗೆ ಇಷ್ಟೇ ಎಂಬ ಮಿತಿ ಉಂಟು. ಅಂದಾಜು ಆ ಮಿತಿಯನ್ನು ದಾಟಿದರೆ ಮೇಲಿನ ಹಣವನ್ನು ಅಲ್ಲಿ ವಾಸಿಸುವವರು ಕೂಡಿಸಿ ಕೊಡಬೇಕು. ಕೂಡಿಸದಿದ್ದರೆ ಕಟ್ಟಡ ದುರಸ್ತಿಗೆ ಮೀರಿದ್ದು ಎನಿಸಿಕೊಳ್ಳಬಹುದು, ಸಂಸಾರ ಟ್ರಾನ್ಸಿಟ್ ಕ್ಯಾಂಪಿನ ದಾರಿ ಹಿಡಿಯಬಹುದು. ತಾತ್ಕಾಲಿಕ ಎಂದು ಹೋದವರು ಅಲ್ಲೇ ದಶಕಗಳನ್ನು ಕಳೆದ ಉದಾಹರಣೆಗಳು ಮುಂಬಯಿಯಲ್ಲಿ ಬೇಕಾದಷ್ಟಿವೆ. ನೋಡಿ, ನೆರೆಯವನು ಕೊಡದೇ ಹೋದ ಪಾಲು ಎಲ್ಲಿಯವರೆಗೆ ಮುಟ್ಟುತ್ತದೆ ಅಂತ.

ಇನ್ನೊಂದು ಮುಂಬಯಿ ಉದಾಹರಣೆ ಸ್ವಲ್ಪ ಹಿತವಾದದ್ದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ನಮ್ಮ ಹಿರಿಯರಿಗೆ ಫೋರ್ಟಿನ ದಾದಾಭಾಯಿ ನವರೋಜಿ ರಸ್ತೆ ಚಿರಪರಿಚಿತ. ಹಿಂದೆ ಇದು ಹಾರ್ನ್‌ಬಿ ರೋಡ್. ಇಲ್ಲಿ ಕಟ್ಟುವವರು ಪಾದಚಾರಿಗಳಿಗಾಗಿ ಕಮಾನಿನ ಮೊಗಸಾಲೆ ಬಿಡಲೇಬೇಕೆಂಬ ನಿಯಮ 1896ರಲ್ಲೇ ಇತ್ತು. ಜಾಗ ಖಾಸಗಿಯವರದು, ನೆರಳು ಎಲ್ಲರದು. ನೂರು ವರ್ಷದಲ್ಲಿ ಆ ಕಮಾನುಗಳು ಅಂಗಡಿ ಬೋರ್ಡುಗಳ ಹಿಂದೆ ಮುಚ್ಚಿಹೋದವು. 1990ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ, ಮುಂಬಯಿ ಮಹಾನಗರ ಪ್ರದೇಶದ ಪರಂಪರೆ ಸಂರಕ್ಷಣಾ ಸೊಸಾಯಿಟಿಯ ನೆರವಿನಿಂದ, ಈ ಬೀದಿಯನ್ನು ಅಧ್ಯಯನ ಮಾಡಿ ಬೋರ್ಡು ಎಲ್ಲಿರಬೇಕು, ಎಷ್ಟಿರಬೇಕು ಎಂಬ ಮಾರ್ಗಸೂಚಿ ಬರೆದರು. ಅಧ್ಯಯನಕ್ಕೆ ಹಣ ಹೊರಗಿನಿಂದ ಬಂತು, ಬೋರ್ಡು ಬದಲಿಸುವ ಖರ್ಚು ಅಂಗಡಿಯವರದೇ. ಒಬ್ಬನೇ ಬೋರ್ಡು ಚಿಕ್ಕದು ಮಾಡಿದರೆ ವ್ಯಾಪಾರ ಹೋದೀತೆಂಬ ಭಯ. ಸಾಲಿಗೆ ಸಾಲೇ ಚಿಕ್ಕದು ಮಾಡಿದರೆ ಆ ಭಯವೆಲ್ಲಿ? 2004ರಲ್ಲಿ ಈ ಕೆಲಸಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪುರಸ್ಕಾರಗಳಲ್ಲಿ ಗೌರವ ಉಲ್ಲೇಖ ದೊರೆಯಿತು.

ಅಂಗಡಿ ಬೀದಿಯಾಯಿತು. ವಾಸದ ಮನೆಗಳ ಬೀದಿ ನೋಡಬೇಕೆಂದರೆ ಪುದುಚೇರಿಗೆ ಹೋಗಬೇಕು. ಅಲ್ಲಿನ ತಮಿಳು ಪೇಟೆಯ ವೈಶ್ಯಾಳ್ ಬೀದಿಯ ಹಳೆಯ ಮನೆಗಳಿಗೆ ಮುಂದೊಂದು ಜಗಲಿ, ಅದರ ಮುಂದೆ ರಸ್ತೆಯಂಚಿಗೆ ಕಂಬಗಳ ಮೇಲೆ ನಿಂತ ಇಳಿಮಾಡು. ಅದಕ್ಕೆ ತಾಳ್ವಾರಂ ಎನ್ನುತ್ತಾರೆ. ದಾರಿಹೋಕ ಬಿಸಿಲಿಗೆ ಅದರಡಿ ನಡೆಯುತ್ತಿದ್ದ. ನಮ್ಮ ಕರಾವಳಿಯ ಜಗಲಿ, ಮೈಸೂರು ಕಡೆಯ ಪಡಸಾಲೆ ನೆನಪಾಗುವುದಿಲ್ಲವೇ? ಮನೆಗಳು ಒಂದೊಂದಾಗಿ ಕೆಡವಲ್ಪಡುತ್ತಿದ್ದಾಗ ಇನ್‌ಟ್ಯಾಕ್ ಸಂಸ್ಥೆ ಯುರೋಪಿಯನ್ ಒಕ್ಕೂಟದ ಏಷ್ಯಾ ಅರ್ಬ್ಸ್ ಕಾರ್ಯಕ್ರಮದಡಿ, 2000ರ ದಶಕದ ಮೊದಲ ವರ್ಷಗಳಲ್ಲಿ, ಮನೆಯವರ ಪಾಲಿಗೆ ಯೋಜನೆಯ ಪಾಲು ಜೋಡಿಸಿ ಮುಂಭಾಗಗಳನ್ನು ಸರಿಪಡಿಸಿತು. ಒಂದು ಮನೆಯ ತಾಳ್ವಾರಂ ಮಾತ್ರ ಎದ್ದು ನಿಂತರೆ ಅದು ಬಸ್‌ಸ್ಟಾಪಿನ ಹಾಗೆ ಕಾಣುತ್ತದೆ. ಸಾಲಾಗಿ ನಿಂತರಷ್ಟೇ ಅದು ನೆರಳಿನ ದಾರಿ. ಈ ಬೀದಿಗೂ 2008ರಲ್ಲಿ ಯುನೆಸ್ಕೋ ಮನ್ನಣೆ ಬಂತು.

ಇಷ್ಟು ಕೇಳಿದ ಮೇಲೆ ಪಾಲಿಗೆ ಪಾಲು ಎಂಬುದು ಬಹಳ ಸೊಗಸಾದ ಯೋಜನೆ ಅನ್ನಿಸಬಹುದು. ಆದರೆ ತನ್ನ ಪಾಲನ್ನೇ ಹಾಕಲಾಗದವನು ಏನು ಮಾಡಬೇಕು? ಬ್ರಿಟನ್ ಈ ಪ್ರಶ್ನೆಯ ಜೊತೆ ನಾಲ್ಕು ದಶಕ ಸೆಣಸಿತು. 1949ರ ಕಾನೂನಿನಲ್ಲಿ ಮನೆ ಸುಧಾರಣೆಗೆ ಅರ್ಧದಷ್ಟು ಅನುದಾನ. ಉಳಿದರ್ಧ ಕೈಯಲ್ಲಿದ್ದವರಿಗೆ ಮಾತ್ರ ಅದು ಅನುಕೂಲವಾಯಿತು. 1974ರಲ್ಲಿ ತೀರಾ ಹದಗೆಟ್ಟ ಕೇರಿಗಳಿಗೆ 75%, ಕಷ್ಟದಲ್ಲಿದ್ದವರಿಗೆ 90% ಎಂದಾಯಿತು. ಆದರೂ ಒತ್ತಾಗಿ ನಿಂತ ಸಾಲುಮನೆಗಳಲ್ಲಿ ಒಬ್ಬರ ಮಾಡು ಹೊಸದು, ಪಕ್ಕದವರದು ಸೋರುವುದು, ನೀರು ಮಾತ್ರ ಇಬ್ಬರ ಗೋಡೆಗೂ. ಬರ್ಮಿಂಗ್‌ಹ್ಯಾಮ್ ನಗರ 1978ರ ಹೊತ್ತಿಗೆ ಬೇಸತ್ತು, ಇಡೀ ಸಾಲಿನ ಮಾಡು, ಹೊರಗೋಡೆ, ಕಿಟಕಿ, ನೀರಿಳಿಯುವ ಕೊಳವೆಗಳನ್ನು ತನ್ನ ಖರ್ಚಿನಲ್ಲೇ ಒಟ್ಟಿಗೆ ಮಾಡಿಸಲು ಆರಂಭಿಸಿತು. ಇದಕ್ಕೆ ಎನ್ವೆಲಪಿಂಗ್ ಎಂದು ಹೆಸರು. ಕಾಗದವನ್ನು ಲಕೋಟೆಯಲ್ಲಿ ಇಟ್ಟ ಹಾಗೆ. ಉಚಿತ ಎಷ್ಟು ದಿನ ನಡೆದೀತು? 1989ರ ಕಾನೂನು ಅದನ್ನು ಗುಂಪು ದುರಸ್ತಿಯಾಗಿ ಬದಲಿಸಿತು. ಕೆಲಸ ಎಲ್ಲರದೂ ಒಟ್ಟಿಗೆ, ಪಾಲು ಮಾತ್ರ ಅವರವರ ಆದಾಯಕ್ಕೆ ತಕ್ಕಂತೆ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಜಾಣತನ ತೋರಿದ್ದು ಅಹಮದಾಬಾದ್. 1995ರಲ್ಲಿ ಅಲ್ಲಿನ ಮಹಾನಗರಪಾಲಿಕೆ ಪರಿವರ್ತನ್ ಎಂಬ ಯೋಜನೆ ಹಿಡಿದು ಕೊಳೆಗೇರಿಗಳ ಓಣಿ, ಚರಂಡಿ, ನೀರಿನ ಕೆಲಸ ಶುರುಮಾಡಿತು. ಇದು ಗೋಡೆಯ ಕೆಲಸವಲ್ಲ, ಹೊಸ್ತಿಲಿನಾಚೆಯ ಕೆಲಸ. ಪ್ರತಿ ಕುಟುಂಬದ ಪಾಲು 2,000 ರೂಪಾಯಿ. ಒಟ್ಟಿಗೆ ಅಷ್ಟು ಹಣ ತೆಗೆಯಲಾಗದ ಮನೆಗಳಿಗೆ ಸೇವಾ ಬ್ಯಾಂಕ್ ಉಳಿತಾಯದ ಮತ್ತು ಸಾಲದ ದಾರಿ ಮಾಡಿಕೊಟ್ಟಿತು. ಕೊಡಲಾಗದವನನ್ನು ಬಿಟ್ಟು ಮುಂದೆ ಹೋಗುವುದು ಚರಂಡಿಯ ವಿಷಯದಲ್ಲಿ ಸಾಧ್ಯವೇ ಇಲ್ಲವಲ್ಲ!

ಈಗ ಮತ್ತೆ ಸಾನಪಾಡಾಕ್ಕೆ ಬರೋಣ. 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಖಾಡಿಯಾಚೆ ಒಂದು ಹೊಸ ನಗರ ಬೇಕೆಂದರು. 1970ರ ಮಾರ್ಚ್ 17ರಂದು ಸಿಡ್ಕೋ ಹುಟ್ಟಿತು. ಗಿರ್ಗಾಂವ್, ದಾದರಿನ ಒಂದು ಖೋಲಿಯಿಂದ ಹೊರಟ ನಮ್ಮವರು ವಾಶಿ, ಸಾನಪಾಡಾ, ನೆರೂಳಿನಲ್ಲಿ ಸ್ವಂತ ಮನೆಯ ಬೀಗದ ಕೈ ಹಿಡಿದರು. ಆದರೆ ಖಾಡಿ ದಾಟುವಾಗ ಒಂದು ವಸ್ತು ಹಿಂದೆ ಉಳಿಯಿತು: ಸೆಸ್ ಕಟ್ಟಡಗಳ ದುರಸ್ತಿ ಮಂಡಳಿಯ ವ್ಯಾಪ್ತಿ ಮುಂಬಯಿ ದ್ವೀಪಕ್ಕೆ ಮಾತ್ರ. ಇಲ್ಲಿ ಆ ಬಗೆಯ ಪಾಲು ಬರುವುದಿಲ್ಲ. ನಮ್ಮ ಪಾಲಿಗೆ ಪಾಲು ಕೊಡುವವರು ನಾವೇ.

ಹೌಸಿಂಗ್ ಸೊಸಾಯಿಟಿಗಳ ಮಾದರಿ ಉಪವಿಧಿಯಲ್ಲಿ ಅದಕ್ಕೆ ಜಾಗವಿದೆ. ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ 0.75% ದುರಸ್ತಿ ನಿಧಿಗೆ, ಕನಿಷ್ಠ 0.25% ಸಿಂಕಿಂಗ್ ಫಂಡಿಗೆ. ನಿರ್ಮಾಣ ವೆಚ್ಚ 10 ಲಕ್ಷವಾದರೆ ವರ್ಷಕ್ಕೆ 7,500 ಮತ್ತು 2,500 ರೂಪಾಯಿ. ತಿಂಗಳಿಗೆ ಎರಡೂ ಸೇರಿ ಸುಮಾರು 833. ಹೊರಗೋಡೆಯಿಂದ ಬರುವ ಮಳೆನೀರಿನ ಸೋರಿಕೆಯನ್ನು ಸೊಸಾಯಿಟಿಯ ಖರ್ಚಿನಲ್ಲೇ ಸರಿಪಡಿಸಬೇಕೆಂದೂ ಉಪವಿಧಿ ಹೇಳುತ್ತದೆ. "ನನ್ನ ಗೋಡೆ" ಎನ್ನುವವರಿಗೆ ಇದೇ ಉತ್ತರ: ಒಳಮೈ ನಿಮ್ಮದು, ಹೊರಮೈ ಸೊಸಾಯಿಟಿಯದು. ತಿಂಗಳ ಬಿಲ್ಲು ಕಡಿಮೆ ಕಾಣಲಿ ಎಂದು ಈ ನಿಧಿಗಳನ್ನು ಹೆಸರಿಗಷ್ಟೇ ಇಟ್ಟುಕೊಂಡ ಕಡೆಯೇ ಪರಾಂಚಿ ಏಳುವಾಗ ಒಂದೇ ಸಲ ದೊಡ್ಡ ಮೊತ್ತದ ಚೀಟಿ ಬಾಗಿಲಿಗೆ ಬರುತ್ತದೆ.

ರೀಡೆವಲಪ್‌ಮೆಂಟ್ ಆಗಲಿ, ಬಿಲ್ಡರೇ ಎಲ್ಲ ನೋಡಿಕೊಳ್ಳಲಿ ಎನ್ನುವವರು ಈಗ ಹೆಚ್ಚು. 2019ರ ಸರ್ಕಾರಿ ನಿರ್ದೇಶನ ಬಂದಮೇಲೆ ಅದಕ್ಕೆ ಅರ್ಧಕ್ಕಿಂತ ಹೆಚ್ಚು ಸದಸ್ಯರ ಒಪ್ಪಿಗೆ ಸಾಕು. ಕಂಬ ತೊಲೆಗಳೇ ಸೋತಿದ್ದರೆ ಬೇರೆ ದಾರಿಯಿಲ್ಲ, ಒಪ್ಪೋಣ. ಸ್ಟ್ರಕ್ಚರಲ್ ಆಡಿಟ್ ಕಟ್ಟಡ ಗಟ್ಟಿಯಿದೆ ಎಂದ ಮೇಲೂ ಬರೀ ಪ್ಲಾಸ್ಟರ್, ಬಣ್ಣದ ಸಲುವಾಗಿ ಕೆಡವಲು ಹೊರಡುವುದು ನನಗೆ ಸರಿಕಾಣದು. ಹೊಸ ಗೋಪುರದ ಲಿಫ್ಟು, ಪಂಪು, ಕಾವಲಿನ ತಿಂಗಳ ಬಿಲ್ಲು ಪಿಂಚಣಿಯಲ್ಲಿ ಬದುಕುವ ದಂಪತಿಗೆ ಭಾರವಾಗದೇ ಇರದು.

ಮುಂದಿನ ವಾರ್ಷಿಕ ಸಭೆಯಲ್ಲಿ ಚಹಾ ಬಿಸ್ಕತ್ತಿಗೆ ಮೊದಲು ಲೆಕ್ಕಪತ್ರದ ಆ ಎರಡು ಸಾಲುಗಳನ್ನು ಓದಿಸಿ: ದುರಸ್ತಿ ನಿಧಿ ಎಷ್ಟು, ಸಿಂಕಿಂಗ್ ಫಂಡ್ ಎಷ್ಟು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಮೂರನೇ ಮಹಡಿಯ ನಿವೃತ್ತ ಮಾಸ್ತರರು ತಮ್ಮ ಪಾಲನ್ನು ಎಷ್ಟು ಕಂತುಗಳಲ್ಲಿ ಕೊಡಬಹುದು, ಅದನ್ನು ಗೊತ್ತುವಳಿಯಲ್ಲಿ ಬರೆದುಕೊಂಡಿದ್ದೇವೆಯೇ?