ಚರ್ಮ ಬದಲಾಗಲಿ, ಮರ ಉಳಿಯಲಿ

ಹಳೆಯ ಪಖವಾಜೊಂದು ರಿಪೇರಿಗೆ ಬಂದಾಗ ಅನುಭವಿ ಕಸುಬುದಾರ ಚರ್ಮಕ್ಕಿಂತ ಮೊದಲು ಮರವನ್ನು ನೋಡುತ್ತಾನೆ. ಮುಂಬಯಿಯ ತಬಲಾ ಕಸುಬಿನವರು ಚರ್ಮದ ಹೊದಿಕೆಗೆ ಪುಡಿ ಎನ್ನುತ್ತಾರೆ, ಅದನ್ನು ಬಿಗಿದಿರುವ ಚರ್ಮದ ಪಟ್ಟಿಗೆ ವಾದಿ, ಮರದ ಒಡಲಿಗೆ ಖೋಡ. ವಾದಿ ಬಿಚ್ಚಿ, ಪುಡಿ ಕಳಚಿ, ಬರಿದಾದ ಖೋಡವನ್ನು ಬೆಳಕಿಗೆ ಹಿಡಿದು, ಬಿರುಕು ಬಿಟ್ಟಿದೆಯೇ, ಹುಳು ಹೊಕ್ಕಿದೆಯೇ, ಬಾಯಿಯ ಅಂಚು ಸಮವಾಗಿದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ. ಆಮೇಲೆ ತಂದವರ ಮುಂದೆ ಪ್ರಶ್ನೆ ನಿಲ್ಲುತ್ತದೆ. ಇದ್ದ ಹಾಗೆಯೇ ಇಡುವುದೋ, ಈಗಿನ ಬಳಕೆಗೆ ಮಾರ್ಪಡಿಸುವುದೋ? ಎಡಬದಿಗೆ ಪ್ರತಿ ಸಲ ಕಣಕ ಮೆತ್ತುವ ಬದಲು ಒಣಗಿ ಕೂರುವ ಕಪ್ಪು ಲೇಪ, ಅಂದರೆ ಶಾಯಿ, ಹಾಕಿಸಬಹುದು. ವಾದಿಯ ಬದಲು ನಟ್ಟು ಬೋಲ್ಟು ಕೂರಿಸಬಹುದು. ಬಾಯಿಯ ಅಂಚನ್ನು ಕೆತ್ತಿಸಿ ಬೇರೆ ಅಳತೆಗೆ ಇಳಿಸಲೂಬಹುದು.

ಈ ಪ್ರಶ್ನೆ ಕೇಳಲು ಗ್ರಾಂಟ್ ರೋಡ್‌ಗಿಂತ ತಕ್ಕ ಜಾಗ ಮುಂಬಯಿಯಲ್ಲಿ ಇನ್ನೊಂದಿಲ್ಲ. ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇಲ್ಲಿ ಚರ್ಮವಾದ್ಯಗಳು ಹೊಸ ಹೊಸ ಕೆಲಸಕ್ಕೆ ಒಗ್ಗಿಕೊಳ್ಳುತ್ತಲೇ ಬಂದಿವೆ. ಹಾಗೆ ಒಗ್ಗಿಕೊಂಡ ಮೊದಲ ವಾದ್ಯಗಳ ಬೆನ್ನಿಗೆ ಕನ್ನಡ ನಾಡಿನ ಮದ್ದಳೆಯಿದೆ.

1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್ ಹೆಸರು ಈ ರಸ್ತೆಗೆ ಬಂತು. ಆಗ ಇದು ಕೋಟೆಯ ಹೊರಗಿನ ಬಯಲು ಸೀಮೆ. ಜಗನ್ನಾಥ ಶಂಕರಶೇಟ್ ಅವರು ಕೊಟ್ಟ ಜಾಗದಲ್ಲಿ 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ಬಾಗಿಲು ತೆರೆಯಿತು. ಮೊದಲು ಇಂಗ್ಲಿಷರ ಮನರಂಜನೆಗೆಂದು ಇದ್ದ ರಂಗಮಂದಿರ ಏಳೇ ವರ್ಷಗಳಲ್ಲಿ ದೇಶೀ ಭಾಷೆಗಳ ಪಾಲಾಯಿತು. 1864ರಲ್ಲಿ ಗುಜರಾತಿನ ಕಡೆಯಿಂದ ಬಂದ ಬಿ.ಬಿ. ಆ್ಯಂಡ್ ಸಿ.ಐ. ರೈಲು ಇಲ್ಲಿಯೇ ಕೊನೆಯ ನಿಲ್ದಾಣ ಮಾಡಿಕೊಂಡಿತು. ರೈಲಿನ ಜೊತೆ ಜನ ಬಂದರು, ಜನರ ಹಿಂದೆಯೇ ನಾಟಕ ಮಂದಿರಗಳು ಒಂದೊಂದಾಗಿ ಎದ್ದವು. ‘ಪ್ಲೇ ಹೌಸ್’ ಜನರ ಬಾಯಲ್ಲಿ ಬದಲಾಗಿ ಬಂದ ಪಿಲಾ ಹೌಸ್ ಎಂಬ ಹೆಸರಿನಲ್ಲಿ ಆ ಕಾಲ ಇಂದಿಗೂ ಉಳಿದಿದೆ.

1853ರಲ್ಲಿ ಗ್ರಾಂಟ್ ರೋಡ್ ಥಿಯೇಟರಿನಲ್ಲಿ ಮರಾಠಿ ನಾಟಕ ಆಡಿಸಿದವರು ಸಾಂಗ್ಲಿಯ ವಿಷ್ಣುದಾಸ ಭಾವೆ. ಅವರ ನಾಟಕದ ಬೇರು ಉತ್ತರ ಕನ್ನಡದಲ್ಲಿದೆ. 1842ರ ಸುಮಾರಿಗೆ ಆ ಕಡೆಯ ಭಾಗವತರ ಮೇಳವೊಂದು ಸಾಂಗ್ಲಿ ಸಂಸ್ಥಾನಕ್ಕೆ ಹೋಗಿ ಆಟ ಆಡಿ ತೋರಿಸಿತು. ಅದನ್ನು ನೋಡಿದ ಚಿಂತಾಮಣರಾವ್ ಪಟವರ್ಧನರು ಇಂಥದ್ದೇ ಆಟವನ್ನು ಮರಾಠಿಯಲ್ಲಿ ಕಟ್ಟಬೇಕೆಂದು ಭಾವೆಯವರಿಗೆ ಹೇಳಿದರು. 1843ರ ನವೆಂಬರಿನಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಸೂತ್ರಧಾರ ಹಾಡುತ್ತ ಕಥೆ ನಡೆಸುವುದು, ಪಾತ್ರಗಳು ಆಶುವಾಗಿ ಮಾತಾಡುವುದು, ಗಣಪತಿ ಸರಸ್ವತಿಯರ ಪೂರ್ವರಂಗ, ರಾಕ್ಷಸರ ಅಬ್ಬರದ ಪ್ರವೇಶ, ಇವೆಲ್ಲ ಯಕ್ಷಗಾನ ನೋಡಿದವರಿಗೆ ಪರಿಚಿತವೇ. ಮೇಳದಲ್ಲಿ ಮದ್ದಳೆ ಮಾಡುತ್ತಿದ್ದ ಕೆಲಸ ಅಲ್ಲಿ ಮೃದಂಗದ ಪಾಲಿಗೆ ಬಂತು. ಕರಾವಳಿಯ ಬಯಲಿನಲ್ಲಿ ಇರುಳಿಡೀ ನುಡಿಯುತ್ತಿದ್ದ ಲಯ ಹತ್ತು ವರ್ಷಗಳಲ್ಲಿ ಟಿಕೆಟ್ ಕೊಂಡು ಕೂತ ಪ್ರೇಕ್ಷಕರ ಮುಂದೆ, ನಾಲ್ಕು ಗೋಡೆಗಳ ನಡುವೆ ನುಡಿಯಿತು. ಅದೇ 1853ರಲ್ಲಿ, ಅದೇ ರಂಗದಲ್ಲಿ ಪಾರ್ಸಿ ನಾಟಕವೂ ಶುರುವಾಯಿತು.

ಮುಂದೆ ಮೃದಂಗದ ಜಾಗಕ್ಕೆ ತಬಲಾ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಮೇಲೆ ಮರಾಠಿ ರಂಗದ ಹಾಡುಗಾರಿಕೆಯ ದಾರಿಯೇ ಬದಲಾಯಿತು. ಖಯಾಲು, ಠುಮ್ರಿ, ಲಾವಣಿಗಳ ಧಾಟಿ ರಂಗಕ್ಕೆ ಹತ್ತಿರವಾದಂತೆ ಮೃದಂಗದ, ಅಂದರೆ ಪಖವಾಜಿನ, ಗಂಭೀರ ತೆರೆದ ನಾದಕ್ಕಿಂತ ತಬಲಾದ ಚುರುಕು ಬೆರಳುಗಾರಿಕೆಗೆ ಬೆಲೆ ಬಂತು. ಮುಂಬಯಿಯಲ್ಲಿ ನೆಲೆಸಿದ್ದ ಉಸ್ತಾದ್ ಮುನೀರ್ ಖಾನ್ ಬಳಿ ಕಲಿತ ಅಹ್ಮದ್ ಜಾನ್ ತಿರಕವಾ ಅವರು ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ತಬಲಾ ನುಡಿಸಿದರು. ನಾಟಕದ ಹಾಡಿನ ಜೊತೆಗೆ ತಬಲಾ ಕೇಳಲೆಂದೇ ಜನ ಬರುವ ಕಾಲ ಅದು.

ಗ್ರಾಂಟ್ ರೋಡಿನ ಕಾಂಗ್ರೆಸ್ ಹೌಸ್ ಈ ಕಥೆಯ ಇನ್ನೊಂದು ಮಗ್ಗುಲು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಮುಂಬಯಿ ಕಾಂಗ್ರೆಸ್ಸಿನ ನೆಲೆಯಾಗಿದ್ದ ಆವರಣ ಇದು. 1918ರಲ್ಲಿ ಗವರ್ನರ್ ಲಾರ್ಡ್ ವಿಲ್ಲಿಂಗ್ಡನ್ ವಿರುದ್ಧ ಜಿನ್ನಾ ನಡೆಸಿದ ಪ್ರತಿಭಟನೆಯ ನೆನಪಿಗೆ ಜನರ ವಂತಿಗೆಯಿಂದ ಕಟ್ಟಿದ ಜಿನ್ನಾ ಹಾಲ್ ಕೂಡ ಇಲ್ಲಿಯೇ ಇದೆ. ಅದರ ಮಗ್ಗುಲಲ್ಲೇ ಹಾಡುವ, ಕುಣಿಯುವ ಹೆಂಗಸರ ಕೋಠಾಗಳು ಬೆಳೆದವು. ಸಂಗೀತದ ಇತಿಹಾಸ ಬರೆಯುವವರು ಈ ಹೆಂಗಸರಿಗೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಲ್ಲಿಸಿಲ್ಲ. ಪ್ರತಿ ರಾತ್ರಿ ಸಂಗೀತ ನಡೆಯುವ ಕಡೆ ಪ್ರತಿ ದಿನ ವಾದ್ಯ ಹದಗೆಡುತ್ತದೆ. ಪುಡಿ ಹರಿಯುತ್ತದೆ, ಶಾಯಿ ಎದ್ದು ಬರುತ್ತದೆ, ಮಳೆಗಾಲದ ತೇವಕ್ಕೆ ಶ್ರುತಿ ಇಳಿದುಬಿಡುತ್ತದೆ. ಗಾಯಕಿಯ ಮನೆಯೂ ತಬಲಾ ಕಟ್ಟುವವನ ಸುತ್ತಿಗೆಯೂ ಒಂದೇ ಬೀದಿಯಲ್ಲಿರಬೇಕಾದ್ದು ಈ ಕಾರಣಕ್ಕೆ.

ಅಲ್ಲಿಂದ ಕೂಗಳತೆಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಸ್ಟುಡಿಯೋ ಇತ್ತು. 1931ರ ಮಾರ್ಚ್ 14ರಂದು ತೆರೆಕಂಡ ‘ಆಲಂ ಆರಾ’ ಚಿತ್ರೀಕರಣವಾದದ್ದು ಅಲ್ಲಿ. ರೈಲಿನ ಸದ್ದು ಅಡಗುವುದು ನಡುರಾತ್ರಿ ಕಳೆದ ಮೇಲೆ. ಅದಕ್ಕೇ ಒಂದರಿಂದ ನಾಲ್ಕು ಗಂಟೆಯೊಳಗೆ ಹೆಚ್ಚಿನ ಕೆಲಸ ನಡೆಯಿತು. ಹಾಡಿಗೆ ಇದ್ದದ್ದು ಹಾರ್ಮೋನಿಯಂ, ತಬಲಾ, ಪಿಟೀಲು ಮಾತ್ರ. ಡಬ್ಬಿಂಗ್ ಇಲ್ಲದ ಕಾಲವಾದ್ದರಿಂದ ವಾದ್ಯದವರು ಕ್ಯಾಮೆರಾ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕೂತು ಅಲ್ಲಿಯೇ ನುಡಿಸಬೇಕಿತ್ತು. ಭಾರತದ ಮೊದಲ ಮಾತಿನ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ತಬಲಾದ ನಾದವೂ ಚಿತ್ರದ ಜೊತೆಗೇ ಹೋಯಿತು. ಉಳಿಸಿಕೊಳ್ಳುವ ಯೋಚನೆ ತಡವಾಗಿ ಬಂದರೆ ಎಷ್ಟು ನಷ್ಟವಾಗುತ್ತದೆ ಎನ್ನುವುದಕ್ಕೆ ಗ್ರಾಂಟ್ ರೋಡಿನಲ್ಲೇ ಸಿಗುವ ಸಾಕ್ಷಿ ಇದು.

ನಿಲ್ದಾಣದ ಪಶ್ಚಿಮಕ್ಕೆ, ಗಾಮದೇವಿಯಲ್ಲಿ, 1915ರಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ದೇಶದ ಮೊದಲ ಸಹಕಾರಿ ವಸತಿ ಸಂಘವೆಂದು ಹೆಸರಾದ ಇದನ್ನು ಕಟ್ಟಿದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ನೌಕರಿಗೆಂದು ಬಂದ ಚಿತ್ರಾಪುರ ಸಾರಸ್ವತರು ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಸಂಜೆ ಹಿಂದುಸ್ತಾನಿ ಸಂಗೀತ ಕೇಳಿದರು. ಆಪೆರಾ ಹೌಸ್ ಬಳಿ ಪ್ರೊ. ಬಿ.ಆರ್. ದೇವಧರರ ಸಂಗೀತ ಶಾಲೆ ಇತ್ತು; ಬೆಳಗಾವಿ ಬಳಿಯ ಸುಳೇಭಾವಿಯ ಬಾಲಕ ಕುಮಾರ ಗಂಧರ್ವ ಅಲ್ಲಿ ಬೆಳೆದರು. ಮಂಗಳೂರಿನಲ್ಲಿ 1915ರಲ್ಲಿ ಹುಟ್ಟಿದ ಪಂಡಿತ್ ತಾರಾನಾಥ ರಾವ್ ಮುಂಬಯಿಯಲ್ಲಿ ತಬಲಾ ಕಲಿತು, ಕಲಿಸಿದರು. ಪಖವಾಜನ್ನು ಅವರು ಕಲಿತದ್ದು ಸುಬ್ಬರಾವ್ ಅಂಕೋಲೇಕರರಿಂದ. ಕೊನೆಯ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಕಲಾ ವಿದ್ಯಾಲಯದಲ್ಲಿ ಅಮೆರಿಕನ್ ಹುಡುಗರಿಗೆ ಆ ವಿದ್ಯೆ ಹೇಳಿಕೊಟ್ಟರು. ಇಂಥ ಮನೆತನಗಳ ಅಟ್ಟದಲ್ಲಿ ಹಳೆಯ ಮದ್ದಳೆ, ಪಖವಾಜು, ತಬಲಾಗಳು ಬಟ್ಟೆ ಸುತ್ತಿಕೊಂಡು ಇನ್ನೂ ಕೂತಿದ್ದರೆ ಅಚ್ಚರಿಯಿಲ್ಲ. ಮೊದಲಿನ ಪ್ರಶ್ನೆ ಏಳುವುದು ಅವನ್ನು ಕೆಳಗಿಳಿಸಿದ ದಿನ.

ಉತ್ತರ ಹುಡುಕುವ ಮೊದಲು ವಾದ್ಯದ ಆಯುಸ್ಸನ್ನು ಅರಿಯಬೇಕು. ಆಡಿನ ಚರ್ಮ ಸವೆಯುತ್ತದೆ. ದಿನವೂ ನುಡಿಸುವವರ ಪುಡಿ ವರ್ಷ ತುಂಬುವ ಮೊದಲೇ ಹೋಗುವುದುಂಟು. ಕಬ್ಬಿಣದ ಚೂರ್ಣ ಮತ್ತು ಅನ್ನದ ಅಂಟನ್ನು ಕಲಸಿ ಪದರ ಪದರವಾಗಿ ಉಜ್ಜಿ ಹಾಕುವ ಕಪ್ಪು ಶಾಯಿಯೂ ಶಾಶ್ವತವಲ್ಲ. ಆದರೆ ನಾದದ ಗುಟ್ಟು ಇರುವುದು ಅಲ್ಲಿಯೇ. ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೊದಲ ಟಿಪ್ಪಣಿ ಬರೆದು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾದ ಪ್ರಬಂಧ ಪ್ರಕಟಿಸಿ ಇದನ್ನು ವಿವರಿಸಿದರು. ಸಾಮಾನ್ಯ ಡೋಲಿನ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಶಾಯಿಯ ಭಾರ ಹೊತ್ತ ಚರ್ಮದಲ್ಲಿ ಒಂಬತ್ತು ಬಗೆಯ ಕಂಪನಗಳು ಐದು ಸ್ವರಾನುಗುಣ ನಾದಗಳಾಗಿ ಗುಂಪುಗೂಡುತ್ತವೆ. ಮೃದಂಗ, ತಬಲಾ ಶ್ರುತಿಗೆ ಕೂರುವುದು ಇದರಿಂದ.

ಹಾಗಾಗಿ ನೂರು ವರ್ಷದ ಪಖವಾಜಿನಲ್ಲಿ ನೂರು ವರ್ಷದ ಹಿಂದಿನ ನಾದ ಇರಲಾರದು. ಅದು ಹಲವು ಬಾರಿ ಚರ್ಮ ಬದಲಿಸಿಕೊಂಡಿರುತ್ತದೆ. ಪುಡಿ ಹಾಕಿಸಲು ಹಿಂಜರಿದು ವಾದ್ಯವನ್ನು ಮೂಕವಾಗಿಸಿದರೆ ಸಂಪ್ರದಾಯಕ್ಕೆ ಲಾಭವಿಲ್ಲ. ಖೋಡದ ಮಾತು ಬೇರೆ. ಹಲಸು, ಹೊನ್ನೆ, ಖೈರ, ಶೀಸಂ ಮರವನ್ನು ಆರಿಸಿ, ಒಣಗಿಸಿ, ಒಳಗೆ ಎಷ್ಟು ದಪ್ಪ ಉಳಿಸಬೇಕೆಂದು ತೀರ್ಮಾನಿಸಿದ ಬಡಗಿಯ ಲೆಕ್ಕ ಅದರಲ್ಲಿದೆ. ಬಾಯಿಯ ಅಗಲ ಆ ಕಾಲದ ಶ್ರುತಿಯನ್ನು ಹೇಳುತ್ತದೆ, ಒಳಗಿನ ಉಳಿಯ ಗುರುತು ಕೈಯನ್ನು ಹೇಳುತ್ತದೆ. ಅಂಚನ್ನು ಒಮ್ಮೆ ಕೆತ್ತಿದರೆ ಅದೆಲ್ಲ ಮರದ ಹೊಟ್ಟಿನ ಜೊತೆ ಹೋದಂತೆ.

ಶ್ರುತಿ ಬದಲಾದಾಗ ವಾದ್ಯ ಬದಲಾಗುವುದು ಯಕ್ಷಗಾನದಲ್ಲೂ ಆಗಿದೆ. ಬಡಗುತಿಟ್ಟಿನಲ್ಲಿ ಏರು ಶ್ರುತಿಯ ಮದ್ದಳೆಯನ್ನು ರೂಢಿಗೆ ತಂದವರು ಹಿರಿಯಡಕ ಗೋಪಾಲರಾಯರು. 1919ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಆ ಹಿರಿಯರು ಮಾಡಿದ್ದು ಕಲೆಗೆ ಬೇಕಾಗಿದ್ದ ಬದಲಾವಣೆಯೇ. ಆದರೆ ಹೊಸ ಶ್ರುತಿಗೆ ಹೊಸ ಮದ್ದಳೆ ಕಟ್ಟಿಸುವುದು ಒಂದು, ಹಳೆಯದನ್ನೇ ಕೊರೆದು ಹೊಸದು ಮಾಡುವುದು ಇನ್ನೊಂದು.

ಪಿಟೀಲಿನ ಚರಿತ್ರೆ ಇಲ್ಲಿ ನೆನಪಾಗಬೇಕು. ಸ್ಟ್ರಾಡಿವರಿ ಮಾಡಿದ ವಾದ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತು ಬದಲಾಯಿತು, ಒಳಗಿನ ಪಟ್ಟಿ ಬದಲಾಯಿತು. ದೊಡ್ಡ ಸಭಾಂಗಣಕ್ಕೆ ಅವು ಸಜ್ಜಾದವು, ಇಂದಿಗೂ ನುಡಿಯುತ್ತಿವೆ. ಮೂಲ ಹೇಗಿತ್ತೆಂದು ತಿಳಿಯಬೇಕಾದರೆ ಮಾತ್ರ ಫ್ಲಾರೆನ್ಸ್‌ನಲ್ಲಿ ಮುಟ್ಟದೆ ಉಳಿದಿರುವ 1690ರ ವಿಯೋಲಾದಂಥ ಕೆಲವೇ ವಾದ್ಯಗಳ ಬಳಿಗೆ ಹೋಗಬೇಕು. ಅಲ್ಲಿ ಅಂಥವು ಕೆಲವಾದರೂ ಉಳಿದವು. ನಮ್ಮ ಚರ್ಮವಾದ್ಯಗಳಿಗೆ ಆ ಅದೃಷ್ಟ ಕಡಿಮೆ. ಬಂಗಾಳದ ಸಂಗೀತ ವಿದ್ವಾಂಸ ಶೌರೀಂದ್ರ ಮೋಹನ ಟಾಗೋರ್ 1876ರಲ್ಲಿ ಬೆಲ್ಜಿಯಂ ದೊರೆಗೆ ಕಳಿಸಿದ ನೂರರಷ್ಟು ವಾದ್ಯಗಳು ಬ್ರಸೆಲ್ಸ್‌ನಲ್ಲಿವೆ. ಪುಣೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯದಲ್ಲಿ ಒಳ್ಳೆಯ ಸಂಗ್ರಹವಿದೆ, ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಇದೆ. ಇವುಗಳಾಚೆ, ಮನೆಮನೆಗಳಲ್ಲಿ ಇದ್ದದ್ದು ಗ್ರಾಂಟ್ ರೋಡಿನಿಂದ ನಡೆದೇ ಹೋಗಬಹುದಾದ ಚೋರ್ ಬಜಾರಿನ ದಾರಿ ಹಿಡಿದರೆ, ಖೋಡ ದೀಪದ ಕಂಬವಾಗಿ, ಗಾಜು ಹೊತ್ತ ಟೀಪಾಯಿಯಾಗಿ ಯಾರದೋ ಹಜಾರ ಸೇರಬಹುದು. ಅಲ್ಲಿಗೆ ಅದು ವಾದ್ಯವೂ ಅಲ್ಲ, ದಾಖಲೆಯೂ ಅಲ್ಲ.

ಕೆಲವೊಮ್ಮೆ ಕಾನೂನೇ ನಡುವೆ ಬರುತ್ತದೆ. ಹಳೆಯ ಖಂಜಿರಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡ ಮೊದಲ ಅನುಸೂಚಿಯ ಪ್ರಾಣಿ. ಅದರ ಚರ್ಮದ ವ್ಯಾಪಾರ ಅಪರಾಧ. ಅಲ್ಲಿ ಹೊಸದಕ್ಕೆ ಆಡಿನ ಚರ್ಮ, ಸಿಂಥೆಟಿಕ್ ಹಾಳೆ ಬಳಸುವುದೇ ಸರಿ. ಬೆಂಗಳೂರಿನ ಡಾ. ಕೆ. ವರದರಂಗನ್ ಅವರು ಫೈಬರ್ ಒಡಲು, ಸಿಂಥೆಟಿಕ್ ಮುಚ್ಚಳದ ಮೃದಂಗವನ್ನೇ ರೂಪಿಸಿದ್ದಾರೆ. ಪ್ರಯಾಣಕ್ಕೂ ಕಲಿಕೆಗೂ ಅಂಥ ಹೊಸ ವಾದ್ಯ ಸಿಗುವಾಗ ಅಜ್ಜನ ಕಾಲದ ಮರವನ್ನು ಕೊಯ್ಯುವ ಅಗತ್ಯವಾದರೂ ಏನು?

ಕಟ್ಟುವ ಕೈಗಳು ಇನ್ನೂ ಇವೆ. ಜಾಕಿರ್ ಹುಸೇನರಿಗೆ ವರ್ಷಾನುಗಟ್ಟಲೆ ತಬಲಾ ಮಾಡಿಕೊಟ್ಟ ಹರಿದಾಸ ವ್ಹಟಕರ್ ಮಿರಜಿನ ಮನೆತನದವರು, ಮುಂಬಯಿಯಲ್ಲಿ ನೆಲೆ ನಿಂತ ಮೂರನೆಯ ತಲೆಮಾರಿನ ಕಸುಬುದಾರರು. ಮನೆಯಲ್ಲಿ ಹಳೆಯ ವಾದ್ಯ ಇರುವವರು ಅಂಥ ಬಲ್ಲವರ ಬಳಿಗೇ ಒಯ್ಯಲಿ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಲಿ, ಎರಡೂ ಬಾಯಿಯ ಅಳತೆ ಬರೆದಿಡಲಿ. ಕಳಚಿದ ಪುಡಿ, ವಾದಿ, ವಾದಿಯಡಿಯ ಮರದ ಗಟ್ಟಗಳನ್ನು ಬಿಸಾಡದೆ ಕೇಳಿ ವಾಪಸು ಪಡೆಯಲಿ. ಹೊಸ ಚರ್ಮ ಹಾಕಿಸಲು ಸಂಕೋಚ ಬೇಡ, ಖೋಡಕ್ಕೆ ಉಳಿ ತಾಗಿಸಲು ಒಪ್ಪುವುದು ಬೇಡ. ಬೇರೆ ಅಳತೆ ಬೇಕೆಂದರೆ ಹೊಸ ಖೋಡ ತರಿಸಿಕೊಳ್ಳಲಿ. ಅಜ್ಜ ಅದನ್ನು ಯಾವ ಊರಿನಿಂದ ತಂದರು, ಯಾರ ಹಾಡಿಗೆ ನುಡಿಸಿದರು ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅದನ್ನು ಈ ವಾರವೇ ಒಂದು ಚೀಟಿಯಲ್ಲಿ ಬರೆದು ವಾದ್ಯದ ಜೊತೆಗಿಡಿ.